ತಿಳಿನೀರಿನ ಮೀನು, ತಾಳ್ಮೆಯ ಗಾಳ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಟೆನ್ನೆಸಿ ಮತ್ತು ಕೆಂಟಕಿ ಪ್ರಾಂತಗಳ ಗಡಿಯ ಮೇಲೆ, ಮರಗಳಿಂದ ನಿಬಿಡವಾದ ಗುಡ್ಡಗಳ ನಡುವೆ, ನೂರಾರು ಕವಲುಗಳನ್ನು ಚಾಚಿ ಮಲಗಿರುವ ಜಲಾಶಯವೊಂದಿದೆ. ಅದರ ಹೆಸರು ಡೇಲ್ ಹಾಲೋ. ಒಬಿ ನದಿಯ ಪ್ರವಾಹವನ್ನು ತಡೆಯಲೆಂದು 1943ರಲ್ಲಿ ಕಟ್ಟಿ ಮುಗಿಸಿದ 200 ಅಡಿ ಎತ್ತರದ ಅಣೆಕಟ್ಟಿನಿಂದ ಹುಟ್ಟಿದ ಈ ಸರೋವರದ ವಿಸ್ತೀರ್ಣ ಸುಮಾರು 27,700 ಎಕರೆ. ಸುತ್ತಲಿನ ಕಾಡು ಮಣ್ಣು ಕೊಚ್ಚಿಬರದಂತೆ ತಡೆಯುತ್ತದೆ. ದಂಡೆಯ ನೆಲ ಬಹುಮಟ್ಟಿಗೆ ಸರ್ಕಾರದ ವಶದಲ್ಲಿರುವುದರಿಂದ ನೀರಿನಂಚಿಗೆ ಮನೆಗಳೆದ್ದಿಲ್ಲ. ಆದಕಾರಣವೇ ಇಲ್ಲಿಯ ನೀರು ಗಾಜಿನಷ್ಟು ತಿಳಿ.

ಆ ತಿಳಿನೀರಿನ ತಳದಲ್ಲಿ ಒಂದು ಊರು ಮುಳುಗಿದೆ. ವಿಲೋ ಗ್ರೋವ್ ಎಂಬ ಆ ಹಳ್ಳಿಯ ಜನ ಅಣೆಕಟ್ಟಿಗಾಗಿ ಹೊಲಮನೆಗಳನ್ನು ತೊರೆದು ಹೊರಟರು. ಉಸಿರುಚೀಲ ಬೆನ್ನಿಗೆ ಕಟ್ಟಿಕೊಂಡು ಮುಳುಗುವವರಿಗೆ ಅಲ್ಲಿಯ ಶಾಲೆಯ ತಳಪಾಯ ಇಂದಿಗೂ ಕಾಣಸಿಗುತ್ತದೆ. ಮಕ್ಕಳು ಪಾಠ ಒಪ್ಪಿಸುತ್ತಿದ್ದ ಎಡೆಯಲ್ಲಿ ಈಗ ಮೀನುಗಳು ಸುಳಿದಾಡುತ್ತವೆ.

ಆ ಮೀನುಗಳಲ್ಲಿ ಅರಸನೆಂದರೆ ಸ್ಮಾಲ್‌ಮೌತ್ ಬಾಸ್. ಕಂಚಿನ ಮೈಬಣ್ಣದ, ಕಿರಿದಾದ ಬಾಯಿಯ ಈ ಮೀನು ಗಾಳಕ್ಕೆ ಸಿಕ್ಕೊಡನೆ ನೀರಿನಿಂದ ಮೇಲಕ್ಕೆ ನೆಗೆದು ಕಾದುತ್ತದೆ. ಆದರೆ ಸಿಕ್ಕುವುದೇ ದುರ್ಲಭ. ಕದಡಿದ ನೀರಿನ ಮೀನು ಮೋಸಹೋಗುವಷ್ಟು ಸುಲಭವಾಗಿ ತಿಳಿನೀರಿನ ಮೀನು ಮೋಸಹೋಗದು. ದಪ್ಪನೆಯ ದಾರ ಅದರ ಕಣ್ಣಿಗೆ ಬೀಳುತ್ತದೆ. ದೊಡ್ಡ ಎರೆಯ ಸದ್ದಿಗೆ ಅದು ಹಿಂಜರಿಯುತ್ತದೆ. ಆದ್ದರಿಂದ ಇಲ್ಲಿಯ ಗಾಳಗಾರರು ನಾಲ್ಕಾರು ಪೌಂಡಿನ ಸೆಳೆತವನ್ನಷ್ಟೇ ತಡೆಯಬಲ್ಲ ನವಿರಾದ ಎಳೆಯನ್ನೂ, ಎರಡು ಗ್ರಾಂ ತೂಗದ ಕೃತಕ ಎರೆಯನ್ನೂ ಬಳಸುತ್ತಾರೆ. ಬಲಕ್ಕಿಂತ ನಯವನ್ನು ನೆಚ್ಚಿದ ಈ ವಿದ್ಯೆಗೆ ಅವರು 'ಫಿನೆಸ್' ಎನ್ನುತ್ತಾರೆ.

ಚಳಿಗಾಲ ಈ ವಿದ್ಯೆಯ ಪರೀಕ್ಷಾಕಾಲ. ನೀರು ಹತ್ತು ಡಿಗ್ರಿ ಸೆಲ್ಸಿಯಸ್‌ಗಿಂತಲೂ ತಣ್ಣಗಾದಾಗ ಷ್ಯಾಡ್ ಎಂಬ ಸಣ್ಣ ಮೀನುಗಳು ಶೀತವನ್ನು ತಾಳಲಾರದೆ ಮಂಕಾಗಿ, ನಡುಗುತ್ತ ತೇಲುತ್ತವೆ. ಬಾಸ್‌ಗೆ ಅದೇ ಔತಣ. ಗಾಳಗಾರನು ತೇಲುಬೆಂಡಿನ ಕೆಳಗೆ ಹತ್ತು ಹನ್ನೆರಡು ಅಡಿ ಆಳದಲ್ಲಿ ರೋಮದ ಕಿರುಗಾಳವೊಂದನ್ನು ತೂಗಿಬಿಟ್ಟು, ಅಲೆಯ ಅಲುಗಾಟಕ್ಕೇ ಅದನ್ನು ಒಪ್ಪಿಸಿ ಕಾಯುತ್ತಾನೆ. ಬೆರಳು ಮರಗಟ್ಟುತ್ತದೆ, ಬೆಂಡು ಮಾತ್ರ ನಿಶ್ಚಲ. ಕೊನೆಗೊಮ್ಮೆ ಅದು ಸದ್ದಿಲ್ಲದೆ ಒಂದು ಕಡೆಗೆ ವಾಲಿತೆಂದರೆ ಆ ದಿನ ಸಾರ್ಥಕ.

ವಸಂತದಲ್ಲಿ ನೀರು ಬೆಚ್ಚಗಾಗುತ್ತ ಬಂದಂತೆ ಮೀನುಗಳು ಕಲ್ಲುಹರಳಿನ ದಂಡೆಗಳಿಗೆ ಬರುತ್ತವೆ. ಗಂಡುಮೀನು ಬಾಲದಿಂದ ಹರಳುಗಳನ್ನು ಗುಡಿಸಿ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಮರಿಗಳ ಕಾವಲು ತಂದೆಯ ಪಾಲಿನದು. ಗೂಡಿನ ಬಳಿ ಸುಳಿದ ಎಲ್ಲವನ್ನೂ ಅದು ಕಚ್ಚುವುದರಿಂದ ಆಗ ಹಿಡಿಯುವುದು ಸುಲಭ. ಸುಲಭವೆಂಬ ಕಾರಣದಿಂದಲೇ ವಿವೇಕಿಗಳು ಅದನ್ನು ಕೂಡಲೇ ನೀರಿಗೆ ಬಿಡುತ್ತಾರೆ. ತಂದೆಯಿಲ್ಲದ ಗೂಡು ಕ್ಷಣದಲ್ಲಿ ಇತರ ಮೀನುಗಳ ಪಾಲಾಗುತ್ತದೆ.

ಬೇಸಿಗೆಯಲ್ಲಿ ಮೇಲಿನ ನೀರು ಕಾದು, ಬಾಸ್ ತಂಪಾದ ಆಳಕ್ಕೆ ಇಳಿಯುತ್ತದೆ. ಹಗಲಿನಲ್ಲಿ ವಿಹಾರದೋಣಿಗಳ ಗದ್ದಲ. ಗಾಳಗಾರರು ಇರುಳನ್ನು ಆರಿಸಿಕೊಳ್ಳುತ್ತಾರೆ. ಶರತ್ಕಾಲದಲ್ಲಿ ಗುಡ್ಡಗಳ ಎಲೆಗಳು ಕೆಂಪೇರಿದಾಗ ಷ್ಯಾಡ್‌ಗಳ ಹಿಂಡು ತೊರೆಗಳ ಕಡೆಗೆ ಸಾಗುತ್ತದೆ. ಬಾಸ್ ಅವನ್ನು ಹಿಂಬಾಲಿಸುತ್ತದೆ.

ವಿಚಿತ್ರವೆಂದರೆ, ಈ ಸರೋವರಕ್ಕೆ ಜಗತ್ಪ್ರಸಿದ್ಧಿಯನ್ನು ತಂದ ಮೀನು ನಯಗಾರಿಕೆಗೆ ಸಿಕ್ಕಿದ್ದಲ್ಲ. 1955ರ ಜುಲೈ 9ರಂದು ಡೇವಿಡ್ ಹೇಸ್ ಎಂಬ ಕೆಂಟಕಿಯ ಗೃಹಸ್ಥರು ದೋಣಿಯ ಹಿಂದೆ ಕೃತಕ ಎರೆಯನ್ನು ಎಳೆಯುತ್ತ ಸಾಗಿದ್ದಾಗ ಅದು ಕಚ್ಚಿತು. ಉದ್ದ 27 ಅಂಗುಲ. ತೂಕ 11 ಪೌಂಡು 15 ಔನ್ಸು, ಎಂದರೆ ಸುಮಾರು ಐದೂವರೆ ಕಿಲೋ. ಅಷ್ಟು ದೊಡ್ಡ ಸ್ಮಾಲ್‌ಮೌತ್ ಜಗತ್ತಿನಲ್ಲಿ ಬೇರೆಲ್ಲಿಯೂ ದಾಖಲಾಗಿರಲಿಲ್ಲ.

ನಲವತ್ತು ವರ್ಷ ಆ ಕೀರ್ತಿ ಉಳಿಯಿತು. ಬಳಿಕ ಹಳೆಯ ಕಾಗದವೊಂದು ಬೆಳಕಿಗೆ ಬಂದಿತು. ತೂಕ ಹೆಚ್ಚಿಸಲೆಂದು ಮೀನಿನೊಳಗೆ ಲೋಹದ ತುಂಡುಗಳನ್ನು ತುರುಕಿದ್ದಾಗಿ ದೋಣಿಕಟ್ಟೆಯ ನೌಕರನೊಬ್ಬ 1955ರಲ್ಲಿಯೇ ಪ್ರಮಾಣಮಾಡಿ ಬರೆದುಕೊಟ್ಟಿದ್ದ. ಅದನ್ನು ನಂಬಿ 1996ರಲ್ಲಿ ದಾಖಲೆಯನ್ನು ರದ್ದುಗೊಳಿಸಲಾಯಿತು. ಮೀನು ಹೋದರೆ ಹೋಗಲಿ. ಮಾನ ಹೋಗುವುದನ್ನು ಯಾರು ತಾನೆ ಸಹಿಸಿಯಾರು? ಮರುವಿಚಾರಣೆ ನಡೆದು, ಅಂತರರಾಷ್ಟ್ರೀಯ ಕ್ರೀಡಾ ಮೀನುಗಾರಿಕೆ ಸಂಘವು 2005ರಲ್ಲಿ ದಾಖಲೆಯನ್ನು ಹೇಸ್ ಅವರಿಗೇ ಮರಳಿಸಿತು. ಮೀನು ಹಿಡಿದ ದಿನದಿಂದ ಆ ವೇಳೆಗೆ ಐವತ್ತು ವರ್ಷ ಸಂದಿತ್ತು.

ಇಂದು ಡೇಲ್ ಹಾಲೋದಲ್ಲಿ 16ರಿಂದ 21 ಅಂಗುಲದವರೆಗಿನ ಸ್ಮಾಲ್‌ಮೌತನ್ನು ಹಿಡಿದವರು ಮರಳಿ ನೀರಿಗೆ ಬಿಡಬೇಕೆಂಬ ನಿಯಮವಿದೆ. ದಡದ ಮೇಲೆ ತೂಗುವವರಿಲ್ಲ, ಸಾಕ್ಷಿ ಹೇಳುವವರಿಲ್ಲ. ಮುಂಜಾವಿನ ಮಂಜಿನಲ್ಲಿ ಗಾಳಗಾರನೊಬ್ಬ ಕಂಚಿನ ಬಣ್ಣದ ಮೀನನ್ನು ಎರಡೂ ಕೈಗಳಲ್ಲಿ ಹಿಡಿದು ಮೆಲ್ಲನೆ ನೀರಿಗಿಳಿಸುತ್ತಾನೆ. ಅದು ಬಾಲವನ್ನೊಮ್ಮೆ ಬೀಸಿ ಆಳಕ್ಕೆ ಸರಿಯುವುದು ಬಹಳ ಹೊತ್ತು ಕಾಣುತ್ತಿರುತ್ತದೆ. ನೀರು ಅಷ್ಟು ತಿಳಿ.