ಬಿಳಿಯ ಮರಳುಗಾಡಿನಲ್ಲಿ ಬಾಣದ ಜಾಡು

ಅಮೆರಿಕಾ ಸಂಯುಕ್ತ ಸಂಸ್ಥಾನದ ನ್ಯೂ ಮೆಕ್ಸಿಕೋ ಪ್ರಾಂತ್ಯದಲ್ಲಿ ಲಾಸ್ ಕ್ರೂಸಸ್ ಎಂಬ ಪಟ್ಟಣವಿರುವುದು. ಅಲ್ಲಿಂದ ಮೂಡಣ ದಿಕ್ಕಿಗೆ ಹೊರಟು ಸಾನ್ ಅಗಸ್ಟಿನ್ ಎಂಬ ಘಟ್ಟವನ್ನೇರಿ ನಿಂತೆವು. ಕೆಳಗೆ ಕಣ್ಣು ಹರಿಯುವವರೆಗೂ ಬಯಲು; ಅದರಾಚೆ ಹಾಲು ಚೆಲ್ಲಿದಂತೆ ಬಿಳಿಯ ದಿಣ್ಣೆಗಳು. ಇದು ಸಾಮಾನ್ಯ ಮರಳಲ್ಲ, ಜಿಪ್ಸಮ್ ಎಂಬ ಖನಿಜದ ಪುಡಿ. ಬಿಸಿಲಿನಲ್ಲಿಯೂ ಕಾಲಿಗೆ ತಂಪಾಗಿರುವುದು.

1945ರಲ್ಲಿ ಅಲ್ಲಿನ ಸೈನ್ಯದವರು ಅಗ್ನಿಬಾಣಗಳ ಪರೀಕ್ಷೆಗೆ ಈ ಬಯಲನ್ನು ಆರಿಸಿಕೊಂಡರು. ಜರ್ಮನರಿಂದ ವಶಪಡಿಸಿಕೊಂಡ ವಿ-2 ಬಾಣಗಳಲ್ಲಿ ಮೊದಲನೆಯದು 1946ನೆಯ ಏಪ್ರಿಲ್ 16ರಂದು ಇಲ್ಲಿಂದ ಹಾರಿತು. ಬಾಣವನ್ನು ಹಾರಿಸಿದರೆ ಸಾಲದು. ಅದು ಯಾವ ಕ್ಷಣದಲ್ಲಿ ಎಲ್ಲಿತ್ತೆಂದು ತಿಳಿಯಬೇಕು.

ಇದಕ್ಕಾಗಿ ಬಯಲಿನ ಹಲವೆಡೆಗಳಲ್ಲಿ ಸಿನಿಥಿಯೊಡೊಲೈಟ್ ಎಂಬ ಯಂತ್ರಗಳನ್ನಿಟ್ಟರು. ಭೂಮಾಪಕರ ಥಿಯೊಡೊಲೈಟಿಗೆ ಚಲಚ್ಚಿತ್ರದ ಕ್ಯಾಮರಾವನ್ನು ಕೂಡಿಸಿದಂತಹುದೇ ಇದು. ಬಾಣದ ಚಿತ್ರದೊಡನೆ ದಿಗಂಶ, ಉನ್ನತಾಂಶಗಳೆಂಬ ಎರಡು ಕೋನಗಳೂ ಕಾಲವೂ ದಾಖಲಾಗುವುವು. ಎರಡು ಠಾಣೆಗಳ ನಡುವಣ ದೂರ ತಿಳಿದಿದ್ದರೆ ತ್ರಿಕೋನದ ಲೆಕ್ಕದಿಂದ ಬಾಣದ ಸ್ಥಾನ ದೊರೆಯುವುದು. ನಮ್ಮ ಪೂರ್ವಿಕರು ಗ್ರಹಗತಿಗೆ ಬಳಸಿದ ಜ್ಯಾಗಣಿತವೇ ಇಲ್ಲಿಯೂ ಆಧಾರ. 1930ರಲ್ಲಿ ಪ್ಲೂಟೋವನ್ನು ಕಂಡುಹಿಡಿದ ಕ್ಲೈಡ್ ಟಾಂಬಾ ಎಂಬ ಮಹನೀಯರು 1946ರಿಂದ ಸುಮಾರು ಒಂಬತ್ತು ವರ್ಷ ಇಲ್ಲಿದ್ದು, ಬಾಣಗಳನ್ನು ಹಿಂಬಾಲಿಸುವ ದೂರದರ್ಶಕಗಳನ್ನು ಏರ್ಪಡಿಸಿದರೆಂಬುದು ಗಮನಾರ್ಹವಾದುದು.

ಆದರೆ ತಡವೇ ದೊಡ್ಡ ತೊಡಕಾಗಿತ್ತು. ಫಿಲ್ಮನ್ನು ತೊಳೆದು, ಒಂದೊಂದು ಚಿತ್ರದಲ್ಲಿಯೂ ಬಾಣವು ನಡುಗೆರೆಯಿಂದ ಎಷ್ಟು ಸರಿದಿದೆಯೆಂದು ಅಳೆದು, ಆ ಬಳಿಕ ಲೆಕ್ಕಕ್ಕೆ ಕೂಡಬೇಕು. ಲಾಸ್ ಕ್ರೂಸಸಿನ ಕಾಲೇಜು ವಿದ್ಯಾರ್ಥಿಗಳು ಈ ಕೆಲಸದಿಂದಲೇ ಓದಿನ ಖರ್ಚಿಗೆ ಸಂಪಾದಿಸಿದರು. ಹಾರಾಟವು ನಿಮಿಷಗಳದು, ಲೆಕ್ಕವು ದಿನಗಳದು! ಅಷ್ಟರಲ್ಲಿ ಬಾಣವೇನೂ ಕಾಯುವುದಿಲ್ಲವಷ್ಟೆ. 1947ನೆಯ ಮೇ 29ರಂದು ಒಂದು ಬಾಣ ಬಡಗಣಕ್ಕೆ ಹೋಗುವ ಬದಲು ತೆಂಕಣಕ್ಕೆ ತಿರುಗಿ, ಗಡಿ ದಾಟಿ, ಮೆಕ್ಸಿಕೋದ ಹ್ವಾರೆಜ್ ನಗರದ ಸ್ಮಶಾನವೊಂದರ ಬಳಿ ಬಿದ್ದಿತು. ದೈವಕೃಪೆಯಿಂದ ಯಾರೂ ಸಾಯಲಿಲ್ಲ. ಬಾಣದ ಜಾಡನ್ನು ಹಾರುವಾಗಲೇ ಅರಿಯಬೇಕಾದ ಅಗತ್ಯವೆಷ್ಟೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಡ.

ಕಾಲಕ್ರಮದಲ್ಲಿ ಲೆಕ್ಕಕ್ಕೆ ಗಣಕಯಂತ್ರಗಳು ಬಂದುವು. ಫಿಲ್ಮಿನ ಸ್ಥಳಕ್ಕೆ ಡಿಜಿಟಲ್ ಕ್ಯಾಮರಾಗಳು ಬಂದುವು. ಈಗ ತೊಳೆಯುವ ಕೆಲಸವಿಲ್ಲ. ಚಿತ್ರದಲ್ಲಿ ಬಾಣವನ್ನು ಯಂತ್ರವೇ ಗುರುತಿಸಬಲ್ಲುದು. ಆದರೂ ಕಾದ ನೆಲದ ಮೇಲಣ ಗಾಳಿಯು ಬಿಂಬವನ್ನು ನಡುಗಿಸುವುದು ತಪ್ಪಿಲ್ಲ. ಯಂತ್ರದ ದೋಷವನ್ನು ತಿದ್ದಲು ರಾತ್ರಿಯಲ್ಲಿ ಅದನ್ನು ಸ್ಥಾನ ತಿಳಿದ ನಕ್ಷತ್ರಗಳತ್ತ ತಿರುಗಿಸಿ ನೋಡುವ ಕ್ರಮವುಂಟು.

ಪರೀಕ್ಷೆಯಿದ್ದಾಗ ಇಲ್ಲಿನ ಹೆದ್ದಾರಿಯನ್ನು ಗಂಟೆ ಎರಡು ಗಂಟೆ ತಡೆಯುವರು. ಹೋಗುವ ವಾಚಕರು ಇದನ್ನು ಮೊದಲೇ ವಿಚಾರಿಸಿಕೊಂಡು, ಕುಡಿಯುವ ನೀರನ್ನು ಜೊತೆಯಲ್ಲಿಟ್ಟುಕೊಂಡು ಹೊರಡುವುದು ಲೇಸು.