ರಥವೂ ಪಥವೂ

ಹೇಮಗಿರಿಯ ದನದ ಜಾತ್ರೆಯಲ್ಲಿ ಎತ್ತುಗಳನ್ನು ಕೊಳ್ಳಹೋಗುತ್ತಿದ್ದ ಹಿರಿಯರು, ಹಲ್ಲು ನೋಡುವುದಕ್ಕೂ ಸುಳಿ ನೋಡುವುದಕ್ಕೂ ಮುಂಚೆ, ತಮ್ಮನ್ನು ತಾವೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತಿದ್ದರು: ಇದು ಯಾವ ಕೆಲಸಕ್ಕೆ? ಗದ್ದೆಯ ಕೆಸರಿಗೆ ಒಗ್ಗಿದ ಎತ್ತು ಬೇರೆ; ಗಾಡಿಗೆ ಕಟ್ಟಿ ದೂರ ಓಡಿಸತಕ್ಕ ಹಳ್ಳಿಕಾರರ ಜೋಡಿ ಬೇರೆ. ಎರಡೂ ತಮ್ಮ ತಮ್ಮ ಸ್ಥಾನದಲ್ಲಿ ಉತ್ತಮವೇ ಸರಿ. ಈ ಕಾಲದಲ್ಲಿ ಮನೆಗೆ ಮೋಟಾರು ವಾಹನವನ್ನು ಕೊಳ್ಳತಕ್ಕವರು ಬಣ್ಣವನ್ನೂ ಜಾಹೀರಾತನ್ನೂ ನೋಡಿ, ಈ ಒಂದು ಪ್ರಶ್ನೆಯನ್ನು ಕಡೆಗೆ ಕೇಳುವುದೇ ವಾಡಿಕೆಯಾಗಿದೆ.

ನಮ್ಮ ಮನೆಯಲ್ಲಿ ಈ ಚರ್ಚೆ ಎರಡು ತಿಂಗಳು ನಡೆಯಿತು. ನಾವಿರುವುದು ಶ್ರೀರಂಗಪಟ್ಟಣದಲ್ಲಿ. ಮಗಳನ್ನು ಕೊಟ್ಟಿರುವುದು ಪಾಂಡವಪುರಕ್ಕೆ. ಮನೆತನದವರು ನಡೆದುಕೊಳ್ಳುವ ದೇವರು ನಾಗಮಂಗಲದ ಸೌಮ್ಯಕೇಶವಸ್ವಾಮಿ. ಎಂಬತ್ತನ್ನು ಸಮೀಪಿಸಿರುವ ನಮ್ಮ ಅಣ್ಣನವರು ಕೃಷ್ಣರಾಜಪೇಟೆ ತಾಲ್ಲೂಕಿನ ಒಂದು ಗ್ರಾಮದ ಹೊರವಲಯದಲ್ಲಿ, ತೋಟದ ಮನೆಯಲ್ಲಿ, ಅತ್ತಿಗೆಯವರೊಡನೆ ಇದ್ದಾರೆ. ಈ ನಾಲ್ಕು ಸ್ಥಳಗಳೇ ನಮ್ಮ ಸಂಸಾರದ ಭೂಪಟ. ವಾಹನವೂ ಇದಕ್ಕೆ ಸಲ್ಲಬೇಕು.

ಮುಂದೆ ಬಂದ ಉಮೇದುವಾರರು ಇಬ್ಬರು. ಇಬ್ಬರೂ ಮಾರುತಿ ಸುಜುಕಿಯವರ ಒಂದೇ ಅಂಗಡಿಯಲ್ಲಿ ಮಾರಾಟಕ್ಕಿದ್ದವರು. ಒಂದು ಬಲೆನೊ: ಹಿಂಬಾಗಿಲು ಮೇಲಕ್ಕೆ ತೆರೆದುಕೊಳ್ಳುವ, ಹ್ಯಾಚ್‌ಬ್ಯಾಕ್ ಎಂದು ಕರೆಯಲ್ಪಡುವ ನಾಜೂಕಾದ ಕಾರು; ೨೦೧೫ರಿಂದ ಇದೆ. ಇನ್ನೊಂದು ಜಿಮ್ನಿ: ೨೦೨೩ರ ಜೂನ್‌ನಲ್ಲಿ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದ, ಕಲ್ಲುಮುಳ್ಳಿನ ದಾರಿಗೆಂದೇ ಮಾಡಿದ ಜೀಪಿನ ಜಾತಿಯದು. ಬಲೆನೊದ ಉದ್ದ ೩,೯೯೦ ಮಿಲಿಮೀಟರು, ಜಿಮ್ನಿಯದು ೩,೯೮೫. ಅಂತರ ಐದೇ ಮಿಲಿಮೀಟರು. ಇದು ಆಕಸ್ಮಿಕವಲ್ಲ. ನಾಲ್ಕು ಮೀಟರಿನೊಳಗಿನ ಸಣ್ಣ ಕಾರುಗಳಿಗೆ ೨೦೦೬ರಲ್ಲಿ ಸರ್ಕಾರದವರು ಸುಂಕವನ್ನು ಇಳಿಸಿದಂದಿನಿಂದ ನಮ್ಮ ದೇಶದ ಎಷ್ಟೋ ಕಾರುಗಳು ಆ ಗೆರೆಯೊಳಗೇ ಮೈ ಕುಗ್ಗಿಸಿಕೊಂಡು ಹುಟ್ಟುತ್ತಿವೆ.

ಆದರೆ ಉದ್ದ ಒಂದೇ ಆದ ಮಾತ್ರಕ್ಕೆ ತೆರಿಗೆ ಒಂದೇ ಆಗಲಿಲ್ಲ. ರಿಯಾಯಿತಿಗೆ ಪೆಟ್ರೋಲ್ ಎಂಜಿನ್ನು ೧,೨೦೦ ಸಿ.ಸಿ.ಯನ್ನು ಮೀರಕೂಡದು. ಬಲೆನೊದ ಎಂಜಿನ್ನು ೧,೧೯೭, ಜಿಮ್ನಿಯದು ೧,೪೬೨. ಆದಕಾರಣ ೨೦೨೫ರ ಸೆಪ್ಟೆಂಬರ್ ೨೨ರಿಂದ ಮೊದಲನೆಯದಕ್ಕೆ ಜಿ.ಎಸ್.ಟಿ. ಶೇಕಡ ೧೮, ಎರಡನೆಯದಕ್ಕೆ ಶೇಕಡ ೪೦. ಒಂದರ ಬೆಲೆ ೬ ಲಕ್ಷ ರೂಪಾಯಿಗಳ ಆಸುಪಾಸಿನಿಂದ ಆರಂಭವಾದರೆ ಮತ್ತೊಂದರದು ೧೨ ಲಕ್ಷವನ್ನು ದಾಟಿದ ಮೇಲೆಯೇ ಆರಂಭ. ಪೆಟ್ರೋಲಿನ ಲೆಕ್ಕವೂ ಹಾಗೆಯೇ. ಕಂಪನಿಯವರ ಮಾತನ್ನೇ ನಂಬುವುದಾದರೆ ಲೀಟರಿಗೆ ಬಲೆನೊ ೨೨.೩೫ ಕಿಲೋಮೀಟರು, ಜಿಮ್ನಿ ೧೬.೯೪. ವರ್ಷಕ್ಕೆ ೧೦,೦೦೦ ಕಿಲೋಮೀಟರು ಓಡಿಸಿದರೆ ಸುಮಾರು ೧೪೦ ಲೀಟರು ಹೆಚ್ಚು ಸುಡಬೇಕು.

ಇಷ್ಟಾದರೂ ನಮ್ಮ ಮಗ ಜಿಮ್ನಿಯನ್ನೇ ಹಿಡಿದು ಕುಳಿತಿದ್ದನು. ಅವನದು ಬರಿಯ ಷೋಕಿ ಎಂದು ತಳ್ಳಿಹಾಕುವಂತಿರಲಿಲ್ಲ. ೨೦೨೫ರ ಆಷಾಢದಲ್ಲಿ ಒಂದು ರಾತ್ರಿ ಅಣ್ಣನವರಿಗೆ ಉಸಿರಾಟದ ತೊಂದರೆಯಾಯಿತು. ಕರೆದ ಆಂಬುಲೆನ್ಸು ಡಾಂಬರು ರಸ್ತೆಯವರೆಗೆ ಬಂದು ನಿಂತಿತು. ಅಲ್ಲಿಂದ ತೋಟದ ಮನೆಗೆ ಅರ್ಧ ಕಿಲೋಮೀಟರಿನ ಮಣ್ಣುದಾರಿ. ಟ್ರ್ಯಾಕ್ಟರುಗಳು ಓಡಾಡಿ ಬಿದ್ದ ಕೊರಕಲುಗಳಲ್ಲಿ ಮೊಣಕಾಲುದ್ದ ಕೆಸರು. ಚಾಲಕನದು ತಪ್ಪಿಲ್ಲ, ಇಳಿಸಿದ್ದರೆ ಗಾಡಿಯೂ ಅಲ್ಲಿಯೇ ಉಳಿಯುತ್ತಿತ್ತು. ನೆರೆಯ ನಾಲ್ವರು ಅಣ್ಣನವರನ್ನು ಮಂಚದ ಮೇಲೆ ಹೊತ್ತು ತಂದರು. ದೇವರ ದಯೆ, ಅವರು ಗುಣವಾಗಿ ಮನೆಗೆ ಬಂದರು. "ಅಪ್ಪಾ, ದೊಡ್ಡಪ್ಪನವರ ಮನೆ ಬಾಗಿಲಿಗೆ ಹೋಗಲಾರದ ಕಾರು ನಮಗೇಕೆ?" ಎಂದು ಮಗ ಕೇಳಿದಾಗ ನಮ್ಮಲ್ಲಿ ಒಡನೆಯೇ ಉತ್ತರವಿರಲಿಲ್ಲ.

ಜಿಮ್ನಿಯ ಸಾಮರ್ಥ್ಯವೂ ಸುಳ್ಳಲ್ಲ. ಅದರ ಹೊಟ್ಟೆ ನೆಲದಿಂದ ೨೧೦ ಮಿಲಿಮೀಟರು ಮೇಲಿದೆ, ಬಲೆನೊದ್ದು ೧೭೦. ಸನ್ನೆಯೊಂದನ್ನು ಎಳೆದರೆ ಎಂಜಿನ್ನಿನ ಬಲ ನಾಲ್ಕು ಚಕ್ರಗಳಿಗೂ ಹಂಚಿಹೋಗುತ್ತದೆ. ಇನ್ನೂ ಎಳೆದರೆ ವೇಗ ತಗ್ಗಿ ಎಳೆತ ಹೆಚ್ಚುತ್ತದೆ. ಒಂದು ಚಕ್ರ ಕೆಸರಿನಲ್ಲಿ ಸುಮ್ಮನೆ ತಿರುಗತೊಡಗಿದರೆ ಯಂತ್ರವು ಅದನ್ನು ಮಾತ್ರ ಬ್ರೇಕಿನಿಂದ ತಡೆದು, ನೆಲ ಕಚ್ಚಿರುವ ಇನ್ನೊಂದಕ್ಕೆ ಬಲವನ್ನು ಕೊಡುತ್ತದೆ. ಕರ್ಣನ ರಥಚಕ್ರವು ಹೂತುಹೋದಾಗ ಇಂತಹ ಉಪಾಯವಿದ್ದಿದ್ದರೆ ಶಲ್ಯನ ಅಸಹಕಾರವೂ ಅಷ್ಟು ಬಾಧಿಸುತ್ತಿರಲಿಲ್ಲವೇನೋ ಎಂದು ನಾವು ನಕ್ಕೆವು.

ಇನ್ನು ದಿನನಿತ್ಯದ ಮಾತು. ನಮ್ಮದು ಐವರ ಸಂಸಾರ. ಜಿಮ್ನಿಯಲ್ಲಿರುವುದು ನಾಲ್ಕು ಆಸನ. ಮೊಮ್ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಹೋಗುವ ಕಾಲ ಮುಗಿಯಿತು. ಮಕ್ಕಳಿಗೂ ಪಟ್ಟಿ ಬಿಗಿಯಲೇಬೇಕು. ಮಂಡಿನೋವಿನ ನಮ್ಮ ಮನೆಯಾಕೆ ಎರಡನ್ನೂ ಹತ್ತಿ ಇಳಿದು ನೋಡಿ, "ಬಗ್ಗಿ ಕೂರಬಲ್ಲೆ, ಏರಿ ಕೂರಲಾರೆ" ಎಂದು ತೀರ್ಪಿತ್ತರು. ಪಾಂಡವಪುರ, ನಾಗಮಂಗಲಗಳ ಮಾರ್ಗ ಡಾಂಬರಿನದು. ಮೇಲುಕೋಟೆಯ ಬೆಟ್ಟವನ್ನು ಸಾಮಾನ್ಯ ಕಾರುಗಳೇ ದಿನವೂ ಹತ್ತುತ್ತಿವೆ.

ಈ ಸೀಮೆಯ ನಿಜವಾದ ಭಯ ಕೆಸರಲ್ಲ, ನಾಲೆ. ೨೦೧೮ರ ನವೆಂಬರ್ ೨೪ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ ೩೦ ಮಂದಿ ಮೃತರಾದರು. ೨೦೨೩ರ ನವೆಂಬರ್‌ನಲ್ಲಿ ಬನಘಟ್ಟದ ಬಳಿ ಕಾರೊಂದು ಅದೇ ನಾಲೆಗೆ ಬಿದ್ದು ಐವರು ಹೋದರು. ನಾಲೆಯ ಪಕ್ಕದ ತಿರುವಿನಲ್ಲಿ ಬೇಕಾದುದು ಎತ್ತರವಲ್ಲ, ನೆಲಕ್ಕೆ ಅಂಟಿದ ನಡೆ. ಬಲೆನೊ ಎತ್ತರಕ್ಕಿಂತ ಅಗಲ ಹೆಚ್ಚಾದ ಬಂಡಿ: ಅಗಲ ೧,೭೪೫, ಎತ್ತರ ೧,೫೦೦. ಜಿಮ್ನಿಯದು ಇದಕ್ಕೆ ವಿಪರ್ಯಾಸ: ಅಗಲ ೧,೬೪೫, ಎತ್ತರ ೧,೭೨೦. ಎತ್ತರದ್ದು ತಿರುವಿನಲ್ಲಿ ಹೆಚ್ಚು ವಾಲುತ್ತದೆ. ಆದರೆ ನೀರಿಗೆ ಬಿದ್ದ ಮೇಲೆ ಇವೆರಡರಲ್ಲಿ ಯಾವುದೂ ತೇಲುವುದಿಲ್ಲ. ಅಲ್ಲಿ ಕಾಯತಕ್ಕವು ಎರಡೇ: ದಾರಿಯ ಅಂಚಿನ ತಡೆಗೋಡೆ, ಓಡಿಸುವವನ ವಿವೇಕ. ಕಠೋಪನಿಷತ್ತು ಶರೀರವನ್ನು ರಥವೆಂದು ಹೇಳಿ, ಬುದ್ಧಿಯನ್ನೇ ಸಾರಥಿಯನ್ನಾಗಿ ಕೂರಿಸಿರುವುದು ಸುಮ್ಮನೆ ಅಲ್ಲ.

ದಾರಿಯ ಅಂಚನ್ನು ಕುರಿತು ಹೀಗೆ ಯೋಚಿಸುತ್ತಿದ್ದಾಗಲೇ ಮಗನ ಪ್ರಶ್ನೆಗೆ ಉತ್ತರವೂ ಹೊಳೆಯಿತು. ಆ ಆಷಾಢದ ರಾತ್ರಿ ನಮ್ಮಲ್ಲಿ ಜಿಮ್ನಿ ಇದ್ದಿತೆಂದೇ ಭಾವಿಸೋಣ. ಅದು ಎಲ್ಲಿರುತ್ತಿತ್ತು? ಶ್ರೀರಂಗಪಟ್ಟಣದ ನಮ್ಮ ಮನೆಯ ಮುಂದೆ. ನಾವು ಎದ್ದು, ಹೊರಟು, ಕೃಷ್ಣರಾಜಪೇಟೆಯನ್ನು ಸೇರುವಷ್ಟರಲ್ಲಿ ಒಂದು ಗಂಟೆಗೂ ಮೀರುತ್ತಿತ್ತು. ಉಸಿರು ಅಷ್ಟು ಹೊತ್ತು ಕಾಯುವುದೇ? ಅಂದು ಬರಬೇಕಾದುದು ಆಂಬುಲೆನ್ಸೇ. ಅದಕ್ಕೆ ಬೇಕಾದುದು ದಾರಿ. ಅಲ್ಲದೆ ಆ ದಾರಿಯಲ್ಲಿ ಇರುವುದು ಅಣ್ಣನವರೊಬ್ಬರೇ ಅಲ್ಲ, ಒಂಬತ್ತು ಮನೆಗಳಿವೆ. ಬೆಳಗ್ಗೆ ಡೈರಿಗೆ ಹಾಲು ಹೋಗಬೇಕು, ಮಕ್ಕಳು ಶಾಲೆಗೆ ಹೋಗಬೇಕು, ಬಸುರಿಯರು ಆಸ್ಪತ್ರೆಗೆ ಹೋಗಬೇಕು. ನಾಲ್ಕು ಚಕ್ರಗಳಿಗೂ ಬಲವುಳ್ಳ ವಾಹನವು ಕೆಸರನ್ನು ಒಂದು ಮನೆಯವರ ಪಾಲಿಗೆ ಮಾತ್ರ ಗೆಲ್ಲುತ್ತದೆ. ಜಲ್ಲಿಯು ಎಲ್ಲರ ಪಾಲಿಗೂ ಗೆಲ್ಲುತ್ತದೆ.

ಇದನ್ನು ಹೇಳಿದಾಗ ಮಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಾನೇ ಕಾಗದ ತೆಗೆದುಕೊಂಡು ಲೆಕ್ಕ ಹಾಕತೊಡಗಿದನು. ಬಲೆನೊ ಬಂದಿತು. ಉಳಿದ ಹಣದಲ್ಲಿ ಒಂದು ಲಕ್ಷ ರೂಪಾಯಿಯನ್ನು ದಾರಿಗೆಂದು ತೆಗೆದಿಟ್ಟೆವು. ಪಂಚಾಯಿತಿಯ ಒಪ್ಪಿಗೆ ಪಡೆದು, ಒಂಬತ್ತು ಮನೆಯವರೂ ಕೂತು ಮಾತಾಡಿ, ಹಣವುಳ್ಳವರು ಹಣ, ಇಲ್ಲದವರು ಟ್ರ್ಯಾಕ್ಟರು, ಮೈದುಡಿಮೆ ಎಂದು ಪಾಲು ಹಾಕಿಕೊಂಡರು. ಸಂಕ್ರಾಂತಿ ಕಳೆದು ಕೊಯ್ಲು ಮುಗಿದ ಮೇಲೆ ಕೆಲಸ ನಡೆಯಿತು. ಮಣ್ಣುದಾರಿಯ ಶತ್ರು ಚಕ್ರವಲ್ಲ, ನಿಂತ ನೀರು. ಆದ್ದರಿಂದ ಮೊದಲು ಎರಡು ಕಡೆಯೂ ಚರಂಡಿ ತೆಗೆಸಿ, ಗದ್ದೆಯ ಬಸಿನೀರು ಹಾಯುವಲ್ಲಿ ಸಿಮೆಂಟಿನ ಕೊಳವೆಗಳನ್ನು ಹೂಳಿಸಿ, ಆಮೇಲೆ ಜಲ್ಲಿ, ಅದರ ಮೇಲೆ ಗ್ರಾವೆಲ್ ಹಾಕಿ, ನಡು ಎತ್ತರವೂ ಅಂಚು ತಗ್ಗೂ ಆಗುವಂತೆ ರೋಲರು ಹಾಯಿಸಿದರು. ಮಳೆಗಾಲದ ಪರೀಕ್ಷೆ ಇನ್ನೂ ಬಾಕಿ ಇದೆ. ಬಿಸಿಲಿನಲ್ಲಂತೂ ಹಾಲಿನ ಆಟೋ ಈಗ ಕೊನೆಯ ಮನೆಯವರೆಗೂ ಬರುತ್ತಿದೆಯೆಂದು ಅತ್ತಿಗೆಯವರು ಹೇಳಿಕಳುಹಿಸಿದ್ದಾರೆ.

ಜಿಮ್ನಿಯಂತಹ ವಾಹನ ಯಾರಿಗೂ ಬೇಡವೆಂದು ನಮ್ಮ ಅಭಿಪ್ರಾಯವಲ್ಲ. ಸಕಲೇಶಪುರ, ಮೂಡಿಗೆರೆಗಳ ಕಾಫಿತೋಟದವರಿಗೆ ಮನೆಯೇ ಇಳಿಜಾರಿನ ಆಚೆ. ವಾಹನ ನಿಲ್ಲುವುದೂ ಅಲ್ಲಿಯೇ, ದಿನವೂ ಏರಿಳಿಯುವುದೂ ಅಲ್ಲಿಯೇ. ಅಂಥವರಿಗೆ ಅದು ಭೂಷಣವಲ್ಲ, ಅವಶ್ಯಕ. ಕಷ್ಟದ ದಾರಿಯಲ್ಲಿ ಓಡಿಸುವುದೇ ಸಂತೋಷವೆಂದು ಅದನ್ನು ಕೊಳ್ಳುವ ಶಕ್ತರೂ ಉಂಟು. ಸಂತೋಷವೂ ಒಂದು ಪ್ರಯೋಜನವೇ. ಆದರೆ ವರ್ಷದ ಒಂದು ರಾತ್ರಿಯ ಭಯಕ್ಕಾಗಿ ವಾಹನವನ್ನು ಆರಿಸುವ ಗೃಹಸ್ಥರು, ಆ ರಾತ್ರಿ ವಾಹನ ಎಲ್ಲಿರುವುದು, ಅದನ್ನು ಓಡಿಸುವವರು ಯಾರು, ಅದು ಹಾಯಬೇಕಾದ ದಾರಿಯನ್ನು ಸರಿಪಡಿಸಲು ಏನು ತಗುಲುವುದು ಎಂಬ ಮೂರನ್ನು ಮನೆಯವರೆಲ್ಲರೂ ಕುಳಿತು ವಿಚಾರಿಸುವುದು ಒಳ್ಳೆಯದು. ರಥವನ್ನು ಕೊಂಡವರು ಒಬ್ಬರು. ಪಥದಲ್ಲಿ ನಡೆಯುವವರು ಹಲವರು.