ನಿಂತುಹೋದ ಅಂಕ

ಸಿಇಟಿಗೆ ಓದುವ ಮಕ್ಕಳಿರುವ ಮನೆಗಳಲ್ಲಿ ಪರೀಕ್ಷೆ ಹತ್ತಿರ ಬಂದಂತೆ ಒಂದು ಚಿಂತೆ ಶುರುವಾಗುತ್ತದೆ. ಗಣಿತದ ಮಾದರಿ ಪರೀಕ್ಷೆಯಲ್ಲಿ ಮೊದಲು 20 ಬಂತು, ಆಮೇಲೆ 28, ಆಮೇಲೆ 34. ಅಲ್ಲಿಂದಾಚೆಗೆ ಎಷ್ಟು ಪೇಪರ್ ಬಿಡಿಸಿದರೂ ಅಂಕ ಆ 34ರ ಆಸುಪಾಸಿನಲ್ಲೇ ಗಿರಕಿ ಹೊಡೆಯುತ್ತದೆ. ಆಗ ಹಿರಿಯರು ಎರಡು ಮಾತು ಹೇಳುತ್ತಾರೆ: ‘ಹುಡುಗನ ತಲೆ ಇಷ್ಟೇ’, ಇಲ್ಲವೇ ‘ಇನ್ನೂ ಎರಡು ತಾಸು ಹೆಚ್ಚು ಓದು’. ರಾಯಚೂರು ಜಿಲ್ಲೆಯ ಬಾಗಲವಾಡ, ಮಾನ್ವಿ, ದೇವದುರ್ಗದ ಕಡೆಯ ಮಕ್ಕಳು ಈ ಎರಡನ್ನೂ ಕೇಳಿಯೇ ಬೆಳೆಯುತ್ತಾರೆ. ಎರಡೂ ತಪ್ಪು ಎಂಬುದು ನನ್ನ ವಾದ. ಅಂಕ ನಿಲ್ಲುವುದು ಬುದ್ಧಿ ಮುಗಿದದ್ದಕ್ಕೂ ಅಲ್ಲ, ತಾಸು ಸಾಲದ್ದಕ್ಕೂ ಅಲ್ಲ. ಮಾಡಿದ ತಪ್ಪನ್ನು ಯಾರೂ ಬಿಡಿಸಿ ನೋಡದೆ ಮುಂದಿನ ಪೇಪರಿಗೆ ಓಡುವುದರಿಂದ ಅದು ನಿಲ್ಲುತ್ತದೆ.

ಮೊದಲಿಗೆ ಈ ಅಂಕ ಏನು ಹೇಳುತ್ತದೆ ಎಂದು ನೋಡೋಣ. ಸಿಇಟಿ ಗಣಿತದಲ್ಲಿ 60 ಪ್ರಶ್ನೆಗೆ 80 ನಿಮಿಷ. ಅಂದರೆ ಪ್ರಶ್ನೆಗೆ 80 ಸೆಕೆಂಡು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಗೊತ್ತಿಲ್ಲದ ಪ್ರಶ್ನೆಗೂ ಎಲ್ಲರೂ ಉತ್ತರ ಹಾಳೆಯಲ್ಲಿ ಒಂದು ವೃತ್ತ ತುಂಬಿಯೇ ಬರುತ್ತಾರೆ. ನಾಲ್ಕು ಆಯ್ಕೆಗಳಿರುವಾಗ 20 ಪ್ರಶ್ನೆಗಳನ್ನು ಊಹೆಯ ಮೇಲೆ ತುಂಬಿದರೆ ಸರಾಸರಿ 5 ಸರಿಯಾಗುತ್ತವೆ. ಅದೃಷ್ಟವಿದ್ದ ದಿನ 7, ಇಲ್ಲದ ದಿನ 3. ಹಾಗಾಗಿ 34 ಬಂದ ಹುಡುಗಿಗೆ ನಿಜವಾಗಿ ಗೊತ್ತಿರುವುದು 29 ಇರಬಹುದು. ವಾರದಿಂದ ವಾರಕ್ಕೆ ಎರಡು ಅಂಕ ಏರಿದರೆ ಹಿಗ್ಗುವುದು, ಇಳಿದರೆ ಕುಗ್ಗುವುದು ಎರಡಕ್ಕೂ ಅರ್ಥವಿಲ್ಲ. ಊಹಿಸಿ ಬರೆದ ಪ್ರಶ್ನೆಯ ಪಕ್ಕದಲ್ಲಿ ಒಂದು ಚುಕ್ಕೆ ಇಟ್ಟುಕೊಂಡರೆ ಸಾಕು, ನಿಜವಾದ ಲೆಕ್ಕ ಸಿಗುತ್ತದೆ.

ಇನ್ನು ಹೋದ ಅಂಕಗಳ ಕಡೆ ಬರೋಣ. ಅವೆಲ್ಲ ಒಂದೇ ಜಾತಿಯವಲ್ಲ. ಎರಡು ದಾಳಗಳನ್ನು ಎಸೆದಾಗ ಮೊತ್ತ 8 ಬಂದಿದೆ, ಒಂದರಲ್ಲಾದರೂ 5 ಇರುವ ಸಂಭವನೀಯತೆ ಎಷ್ಟು ಎಂಬ ಪ್ರಶ್ನೆ ತೆಗೆದುಕೊಳ್ಳಿ. ಮೊತ್ತ 8 ಬರುವ ಬಗೆಗಳು ಐದೇ, ಅವುಗಳಲ್ಲಿ 5 ಇರುವವು ಎರಡು, ಉತ್ತರ 2/5. ಆದರೆ ಬಹಳ ಮಕ್ಕಳು 2/36 ಎಂದು ಹಿಡಿದು 1/18 ಗುರುತಿಸುತ್ತಾರೆ. ಅವರಿಗೆ ಎಣಿಸಲು ಬರುತ್ತದೆ, ಪ್ರಶ್ನೆ ಹಾಕಿದ ಷರತ್ತು ಮಾತ್ರ ಕಣ್ತಪ್ಪಿದೆ. ಇದು ಓದಿನ ತಪ್ಪು. ಇನ್ನೊಂದು: −1ರಿಂದ 1ರವರೆಗೆ |x|ನ ಅನುಕಲನ. x ಬೆಸ ಫಲನ, ಆದ್ದರಿಂದ ಉತ್ತರ ಸೊನ್ನೆ ಎಂದು ಬರೆದವರು ಮಾಡ್ಯುಲಸ್ ಹಾಕಿದೊಡನೆ ಅದು ಸಮ ಫಲನವಾಗುತ್ತದೆ, ಉತ್ತರ 1 ಎಂಬುದನ್ನು ಮರೆತರು. ಇದು ತಿಳಿವಳಿಕೆಯ ತಪ್ಪು. ಮೂರನೆಯದು ಕೈತಪ್ಪು: ಚಿಹ್ನೆ ಬಿಟ್ಟದ್ದು, ಅವಸರಕ್ಕೆ 7×8 ಅನ್ನು 54 ಎಂದು ಬರೆದದ್ದು. ಮೊದಲನೆಯದಕ್ಕೆ ಪ್ರಶ್ನೆಯನ್ನು ತನ್ನ ಮಾತಿನಲ್ಲಿ ಒಮ್ಮೆ ಹೇಳಿಕೊಳ್ಳುವುದೇ ಮದ್ದು. ಹತ್ತನೆಯವರೆಗೆ ಕನ್ನಡದಲ್ಲಿ ಕಲಿತು ಪಿಯುಸಿಯಲ್ಲಿ ಇಂಗ್ಲಿಷಿಗೆ ಹೊರಳಿದ ಮಕ್ಕಳಿಗಂತೂ ಇದು ತೀರಾ ಅಗತ್ಯ. ಎರಡನೆಯದಕ್ಕೆ ಪಠ್ಯಪುಸ್ತಕಕ್ಕೇ ಮರಳಬೇಕು. ಮೂರನೆಯದಕ್ಕೆ ಗಡಿಯಾರ ಇಟ್ಟುಕೊಂಡ ಅಭ್ಯಾಸ ಬೇಕು. ಹತ್ತು ಹೊಸ ಪೇಪರ್ ಬಿಡಿಸಿದ ಮಾತ್ರಕ್ಕೆ ಈ ಮೂರರಲ್ಲಿ ಒಂದೂ ತಾನಾಗಿ ವಾಸಿಯಾಗದು.

ಕಲಿಕೆ ನಡುವೆ ನಿಂತಂತೆ ಕಾಣುವುದು ಹೊಸ ಸಂಗತಿಯೂ ಅಲ್ಲ. ಅಮೆರಿಕದ ಸಂಶೋಧಕರಾದ ಬ್ರಯಾನ್ ಮತ್ತು ಹಾರ್ಟರ್ 1897ರಲ್ಲಿ ಟೆಲಿಗ್ರಾಫ್ ಕಲಿಯುವವರನ್ನು ಗಮನಿಸಿ, ಸಂದೇಶ ಗ್ರಹಿಸುವ ವೇಗ ಏರಿ, ಅಭ್ಯಾಸ ನಡೆದಿದ್ದರೂ ಕೆಲಕಾಲ ನಿಂತು, ಮತ್ತೆ ಏರುವುದನ್ನು ದಾಖಲಿಸಿದರು. ಬಿಡಿ ಅಕ್ಷರ, ಬಿಡಿ ಪದಗಳ ಹಿಡಿತ ಸಲೀಸಾದ ಮೇಲೆಯೇ ಇಡೀ ವಾಕ್ಯ ಹಿಡಿಯುವ ಶಕ್ತಿ ಬರುತ್ತದೆ ಎಂದು ಅವರು ವಿವರಿಸಿದರು. ಗಣಿತಕ್ಕೆ ಇನ್ನೂ ಹತ್ತಿರದ ಸಾಕ್ಷ್ಯ 2007ರದು. ರೋರರ್ ಮತ್ತು ಟೇಲರ್ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯುವುದನ್ನು ಕಲಿಸಿದರು. ಒಂದು ಬಗೆ ಮುಗಿಸಿ ಇನ್ನೊಂದಕ್ಕೆ ಹೋದವರು ಅಭ್ಯಾಸದಲ್ಲಿ ಶೇ. 89 ಪಡೆದರು, ಬೆರೆಸಿ ಬಿಡಿಸಿದವರು ಶೇ. 60. ವಾರದ ನಂತರದ ಪರೀಕ್ಷೆಯಲ್ಲಿ ಮೊದಲಿನವರು ಶೇ. 20ಕ್ಕೆ ಕುಸಿದರು, ಬೆರೆಸಿದವರು ಶೇ. 63 ಉಳಿಸಿಕೊಂಡರು. ಅಧ್ಯಾಯದ ಹೆಸರು ತಲೆಯ ಮೇಲಿದ್ದರೆ ಯಾವ ಸೂತ್ರ ಬೇಕೆಂದು ಯೋಚಿಸುವ ಕೆಲಸವೇ ಇರುವುದಿಲ್ಲ. ಪರೀಕ್ಷೆ ಕೇಳುವುದು ಆ ಕೆಲಸವನ್ನೇ. ಆದ್ದರಿಂದ ಬೆರೆಸಿ ಬಿಡಿಸಲು ತೊಡಗಿದಾಗ ಮೊದಲು ಅಂಕ ಇಳಿದರೆ ಹೆದರಬೇಕಿಲ್ಲ.

ಇದಕ್ಕೆ ಆಕ್ಷೇಪಗಳುಂಟು. ಹತ್ತಿ ಬಿಡಿಸುವ ಕಾಲದಲ್ಲಿ ಹೊಲಕ್ಕೂ ಹೋಗುವ ಮಕ್ಕಳಿಗೆ ತಪ್ಪಿನ ಪಟ್ಟಿ ಬರೆಯಲು ಹೊತ್ತೆಲ್ಲಿ ಎನ್ನಬಹುದು. ಹೊತ್ತು ಕಡಿಮೆ ಇದ್ದವರಿಗೇ ಇದು ಹೆಚ್ಚು ಬೇಕು: ವಾರಕ್ಕೆ ಮೂರು ಪೇಪರ್ ಬಿಡಿಸುವ ಬದಲು ಒಂದನ್ನು ಬಿಡಿಸಿ, ಉಳಿದ ಹೊತ್ತನ್ನು ಅದರ ತಪ್ಪುಗಳಿಗೆ ಕೊಡಲಿ. ದೊಡ್ಡ ಊರಿನ ಕೋಚಿಂಗ್ ಇಲ್ಲದೆ ಆಗದು ಎನ್ನುವವರಿದ್ದಾರೆ. ಒಳ್ಳೆಯ ಮೇಷ್ಟ್ರು ಸಿಕ್ಕರೆ ಲಾಭ ಖಂಡಿತ. ಆದರೆ ಹಳೆಯ ಪ್ರಶ್ನೆಪತ್ರಿಕೆಗಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ, ತಪ್ಪು ವಿಂಗಡಿಸಲು ಒಂದು ನೋಟ್‌ಬುಕ್ ಸಾಕು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಇರುವಾಗ ಇಷ್ಟೆಲ್ಲ ಏಕೆ ಎಂಬುದು ಮೂರನೆಯ ಮಾತು. ಆ ವಿಧಿಯಿಂದ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70, ಹೊರಗಿನವುಗಳಲ್ಲಿ ಶೇ. 8 ಸೀಟುಗಳು ನಮ್ಮ ಮಕ್ಕಳಿಗೆ ಮೀಸಲಾಗಿವೆ. ಅದು ಹೋರಾಡಿ ಪಡೆದ ಹಕ್ಕು. ಆದರೆ ಒಳ್ಳೆಯ ಕಾಲೇಜಿನ ಸೀಟಿಗೆ ಬೀದರಿನಿಂದ ಬಳ್ಳಾರಿವರೆಗಿನ ಮಕ್ಕಳ ನಡುವೆಯೂ ಪೈಪೋಟಿ ಇದೆ. ಸೀಟು ಸಿಕ್ಕ ಮೇಲೆ ಇಂಜಿನಿಯರಿಂಗ್‌ನ ಮೊದಲ ವರ್ಷದಲ್ಲೇ ಅದೇ ಅನುಕಲನ ಎದುರು ನಿಲ್ಲುತ್ತದೆ.

ಪಿಯು ಉಪನ್ಯಾಸಕರಲ್ಲಿ ಒಂದು ಕೋರಿಕೆ: ಮಾದರಿ ಪರೀಕ್ಷೆಯ ಅಂಕ ಓದಿ ಹೇಳಿ ತರಗತಿ ಮುಗಿಸಬೇಡಿ, ಮುಂದಿನ ಒಂದು ಅವಧಿಯನ್ನು ತಪ್ಪುಗಳಿಗೇ ಮೀಸಲಿಡಿ. ತಂದೆತಾಯಂದಿರು ಎಷ್ಟು ಬಂತು ಎಂದು ಕೇಳುವುದಕ್ಕಿಂತ ಯಾವುದು ತಪ್ಪಿತು, ಯಾಕೆ ತಪ್ಪಿತು ಎಂದು ಕೇಳಲಿ. ಮಕ್ಕಳೇ, 34ರಲ್ಲಿ ನಿಂತಿದ್ದರೆ ಹೊಸ ಪೇಪರ್ ತೆರೆಯುವ ಮೊದಲು ಹಳೆಯದರ 26 ತಪ್ಪುಗಳನ್ನು ಮೂರು ಪಟ್ಟಿ ಮಾಡಿ. ಮುಂದಿನ ವಾರ ಏನು ಓದಬೇಕೆಂದು ಆ ಪಟ್ಟಿಗಳೇ ಹೇಳುತ್ತವೆ.